ಕಪ್ಪುಕುಳಿಗಳು ಒಂದಾಗುವಾಗ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಕಪ್ಪುಕುಳಿಗಳು ಸೇರಿ ಒಂದಾದುದನ್ನು ಮೊತ್ತಮೊದಲ ಬಾರಿಗೆ ದಾಖಲಿಸಿದ್ದೇವೆಂದು ಅಮೆರಿಕದ ಲೈಗೊ ವೀಕ್ಷಣಾಲಯದ ವಿಜ್ಞಾನಿಗಳು 2016ರ ಫೆಬ್ರವರಿ 11ರಂದು ಪ್ರಕಟಿಸಿದರು. ಅಲ್ಲಿಂದೀಚೆಗೆ ಇಂತಹ 200ಕ್ಕೂ ಹೆಚ್ಚು ಸಂಕೇತಗಳು ಸಿಕ್ಕಿವೆ. ಈ ವಿಷಯದಲ್ಲಿ ಆಸಕ್ತಿಯುಳ್ಳವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದು, ಗಣಿತವಿಲ್ಲದೆ, ಆದರೆ ವಿಷಯವನ್ನು ತೆಳುವಾಗಿಸದೆ ಉತ್ತರಿಸಲು ಪ್ರಯತ್ನಿಸಲಾಗಿದೆ.

ಕಪ್ಪುಕುಳಿಗಳು ಡಿಕ್ಕಿ ಹೊಡೆಯುತ್ತವೆ ಎನ್ನುವುದು ಸರಿಯೆ?

ಮಾತಿಗೆ ಹಾಗೆ ಹೇಳುತ್ತೇವೆ, ಆದರೆ ಆ ಪದ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ಎರಡು ಲಾರಿಗಳು ಡಿಕ್ಕಿಯಾದಾಗ ಲೋಹಕ್ಕೆ ಲೋಹ ತಾಗುತ್ತದೆ, ಗಾಜು ಒಡೆಯುತ್ತದೆ, ಚೂರುಗಳು ರಸ್ತೆಯ ತುಂಬ ಹರಡುತ್ತವೆ. ಕಪ್ಪುಕುಳಿಗೆ ಹೀಗೆ ತಾಗಿಸಿಕೊಳ್ಳಲು ಮೈಯೆಂಬುದೇ ಇಲ್ಲ. ಅದರ ಘಟನಾ ದಿಗಂತವೆಂಬುದು ಗೋಡೆಯೂ ಅಲ್ಲ, ಚಿಪ್ಪೂ ಅಲ್ಲ. ಒಳಗೆ ಹೋದದ್ದು, ಅದು ಬೆಳಕೇ ಆಗಿರಲಿ, ಮರಳಿ ಬರಲಾಗದ ಒಂದು ಗಡಿ ಅಷ್ಟೆ. ಕಪ್ಪುಕುಳಿ ಹುಟ್ಟಿದ್ದು ವಸ್ತುವಿನಿಂದಲೇ ಆದರೂ, ಹೊರಗಿನಿಂದ ನೋಡುವವರ ಪಾಲಿಗೆ ಅಲ್ಲಿ ಉಳಿದಿರುವುದು ತೀವ್ರವಾಗಿ ಬಾಗಿದ ದೇಶಕಾಲ, ಅಂದರೆ ಸ್ಥಳ ಮತ್ತು ಕಾಲ ಸೇರಿದ ಒಂದೇ ಹೆಣಿಗೆ, ಮಾತ್ರ.

ಹಾಗಾಗಿ ಎರಡು ಕಪ್ಪುಕುಳಿಗಳು ಎದುರಾದಾಗ ನಡೆಯುವುದು ಎರಡು ದಿಗಂತಗಳು ಕೂಡಿ ಒಂದೇ ದಿಗಂತವಾಗುವ ಕ್ರಿಯೆ. ಕೆಸುವಿನ ಎಲೆಯ ಮೇಲೆ ಉರುಳುತ್ತಿರುವ ಎರಡು ನೀರಹನಿಗಳನ್ನು ನೆನಪಿಸಿಕೊಳ್ಳಿ. ಅವು ಹತ್ತಿರ ಬರುತ್ತವೆ, ನಡುವೆ ಒಂದು ಸೇತುವೆ ಮೂಡುತ್ತದೆ, ಮರುಕ್ಷಣದಲ್ಲಿ ಒಂದೇ ದೊಡ್ಡ ಹನಿಯಿರುತ್ತದೆ. ಅದು ಒಂದಿಷ್ಟು ಹೊತ್ತು ನಡುಗಿ ಸುಮ್ಮನಾಗುತ್ತದೆ. ಹೋಲಿಕೆಗೆ ಮಿತಿಯಿದೆ, ಏಕೆಂದರೆ ಹನಿಯಲ್ಲಿ ನೀರಿದೆ, ಇಲ್ಲಿ ನೀರಿಗೆ ಸಮನಾದದ್ದು ಯಾವುದೂ ಇಲ್ಲ. ಆದರೆ ಆ ಕೊನೆಯ ನಡುಕವನ್ನು ನೆನಪಿಡಬೇಕು. ಈ ಘಟನೆಯ ಅತ್ಯಂತ ಅಮೂಲ್ಯವಾದ ಭಾಗ ಅದೇ, ಮತ್ತು ಅದರ ಕಥೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ವಿಜ್ಞಾನಿಯೊಂದಿಗೆ ಬೆಸೆದುಕೊಂಡಿದೆ.

ಇವು ಎಷ್ಟು ದೊಡ್ಡವು?

ತಿರುಗದ ಕಪ್ಪುಕುಳಿಯ ದಿಗಂತದ ತ್ರಿಜ್ಯ, ಸೂರ್ಯನ ಒಂದೊಂದು ದ್ರವ್ಯರಾಶಿಗೆ ಸುಮಾರು 3 ಕಿಲೋಮೀಟರಿನಂತೆ ಬೆಳೆಯುತ್ತದೆ. 30 ಸೂರ್ಯರಷ್ಟು ತೂಗುವ ಕಪ್ಪುಕುಳಿಯ ವ್ಯಾಸ ಸುಮಾರು 180 ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರನ್ನು ದಾಟಿ ಇನ್ನೂ ಸ್ವಲ್ಪ ಮುಂದಕ್ಕೆ ಹೋದಷ್ಟು. ಸೂರ್ಯನೊಬ್ಬನ ವ್ಯಾಸವೇ ಸುಮಾರು 14 ಲಕ್ಷ ಕಿಲೋಮೀಟರು ಎಂಬುದರ ಪಕ್ಕದಲ್ಲಿ ಇದನ್ನಿಟ್ಟರೆ ಸಾಂದ್ರತೆಯ ಅಂದಾಜು ಸಿಗುತ್ತದೆ.

ಎರಡು ಕಪ್ಪುಕುಳಿಗಳು ಜೋಡಿಯಾಗುವುದಾದರೂ ಹೇಗೆ?

ಇದು ಕೇಳಲು ಸರಳ, ಉತ್ತರಿಸಲು ಕಠಿಣ. ಜೋಡಿಯಾಗಿ ಹುಟ್ಟುವ ನಕ್ಷತ್ರಗಳು ಆಕಾಶದಲ್ಲಿ ಧಾರಾಳವಾಗಿವೆ; ಎರಡೂ ಭಾರಿ ನಕ್ಷತ್ರಗಳಾಗಿದ್ದರೆ ಎರಡೂ ತಮ್ಮ ಇಂಧನ ಮುಗಿದ ಮೇಲೆ ಕುಸಿದು ಕಪ್ಪುಕುಳಿಗಳಾಗಬಹುದು. ತೊಡಕಿರುವುದು ದೂರದಲ್ಲಿ. ತಲಾ 30 ಸೂರ್ಯರಷ್ಟು ತೂಗುವ ಎರಡು ಕಪ್ಪುಕುಳಿಗಳು ಭೂಮಿಗೂ ಸೂರ್ಯನಿಗೂ ನಡುವೆ ಇರುವಷ್ಟು, ಅಂದರೆ 15 ಕೋಟಿ ಕಿಲೋಮೀಟರು ಅಂತರದಲ್ಲಿ ಸುತ್ತುತ್ತಿದ್ದರೆ, ಅವು ಒಂದಾಗಲು ಲಕ್ಷಾಂತರ ಕೋಟಿ ವರ್ಷಗಳು ಬೇಕು. ವಿಶ್ವಕ್ಕೆ ಈಗ ಆಗಿರುವ ವಯಸ್ಸು ಸುಮಾರು 1,380 ಕೋಟಿ ವರ್ಷ ಮಾತ್ರ. ಅಂತರ ಅದರ ಐದನೇ ಒಂದು ಭಾಗಕ್ಕೆ ಇಳಿದರೆ ಮಾತ್ರ ವಿಶ್ವದ ಈವರೆಗಿನ ಆಯಸ್ಸಿನೊಳಗೆ ವಿಲೀನ ಸಾಧ್ಯ. ಆದರೆ ಭಾರಿ ನಕ್ಷತ್ರಗಳು ಮುಪ್ಪಿನಲ್ಲಿ ಎಷ್ಟು ಉಬ್ಬುತ್ತವೆಂದರೆ, ಅಷ್ಟು ಹತ್ತಿರವಿದ್ದರೆ ಒಂದು ಇನ್ನೊಂದನ್ನು ನುಂಗಿಬಿಡುತ್ತದೆ.

ಇದಕ್ಕೆ ಎರಡು ಮುಖ್ಯ ಪರಿಹಾರಗಳನ್ನು ಸೂಚಿಸಲಾಗಿದೆ. ಮೊದಲನೆಯದರ ಪ್ರಕಾರ, ಉಬ್ಬಿದ ನಕ್ಷತ್ರದ ಅನಿಲದ ಹೊದಿಕೆಯೊಳಗೆ ಸಂಗಾತಿಯು ಸಿಲುಕಿ ಸುತ್ತುತ್ತದೆ. ಘರ್ಷಣೆಯಿಂದ ಎರಡೂ ಹತ್ತಿರ ಸರಿಯುತ್ತವೆ, ಹೊದಿಕೆ ಹಾರಿಹೋಗುತ್ತದೆ, ಬಳಿಕ ಉಳಿದ ತಿರುಳು ಕುಸಿಯುತ್ತದೆ. ಎರಡನೆಯದರ ಪ್ರಕಾರ, ಅವು ಒಟ್ಟಿಗೆ ಹುಟ್ಟಿದವೇ ಅಲ್ಲ. ಲಕ್ಷಾಂತರ ನಕ್ಷತ್ರಗಳು ಒತ್ತಾಗಿ ನೆರೆದಿರುವ ಗೋಳಗುಚ್ಛಗಳಲ್ಲಿ ಭಾರವಾದ ಕಪ್ಪುಕುಳಿಗಳು ನಿಧಾನವಾಗಿ ನಡುಮಧ್ಯಕ್ಕೆ ಇಳಿದು, ಅಲ್ಲಿ ಎದುರಾದವುಗಳೊಂದಿಗೆ ಜೋಡಿಯಾಗುತ್ತವೆ. ಹಾದುಹೋಗುವ ಮೂರನೆಯ ಕಾಯವು ಜೋಡಿಯಿಂದ ಶಕ್ತಿಯನ್ನು ಕಸಿದುಕೊಂಡು ಹೋದಂತೆಲ್ಲ ಆ ಜೋಡಿ ಬಿಗಿಯಾಗುತ್ತದೆ. ಜೋಡಿಯ ಕಪ್ಪುಕುಳಿಗಳು ತಮ್ಮ ಅಕ್ಷದಲ್ಲಿ ಯಾವ ದಿಕ್ಕಿಗೆ ತಿರುಗುತ್ತಿವೆ ಎಂಬುದರಿಂದ ಈ ಎರಡರಲ್ಲಿ ಯಾವ ದಾರಿಯೆಂಬ ಸುಳಿವು ಸಿಗುತ್ತದೆ: ಒಟ್ಟಿಗೆ ಹುಟ್ಟಿದವುಗಳ ತಿರುಗುವಿಕೆ ಸಾಮಾನ್ಯವಾಗಿ ಅವುಗಳ ಕಕ್ಷೆಯೊಂದಿಗೆ ಹೊಂದಿಕೊಂಡಿರುತ್ತದೆ, ಗುಚ್ಛದಲ್ಲಿ ಕೂಡಿಕೊಂಡವುಗಳದ್ದು ಎತ್ತೆತ್ತಲೋ ಇರುತ್ತದೆ.

ಚಂದ್ರ ಭೂಮಿಯ ಮೇಲೆ ಬೀಳುವುದಿಲ್ಲ. ಹಾಗಿರುವಾಗ ಸುತ್ತುತ್ತಿರುವ ಕಪ್ಪುಕುಳಿಗಳೇಕೆ ಹತ್ತಿರವಾಗುತ್ತವೆ?

ಸುತ್ತುವ ಪ್ರತಿಯೊಂದು ಜೋಡಿಯೂ ದೇಶಕಾಲವನ್ನು ಕಡೆಯುತ್ತಿರುತ್ತದೆ ಮತ್ತು ಆ ಕಡೆತದಿಂದ ಗುರುತ್ವದ ಅಲೆಗಳು ಹೊರಟು ಶಕ್ತಿಯನ್ನು ಒಯ್ಯುತ್ತವೆ. ಭೂಮಿ ಮತ್ತು ಚಂದ್ರರ ವಿಷಯದಲ್ಲಿ ಈ ನಷ್ಟ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ಕಪ್ಪುಕುಳಿಗಳಲ್ಲಿ ಅದು ಹಾಗಲ್ಲ: ಶಕ್ತಿ ಕಳೆದುಕೊಂಡಷ್ಟೂ ಅವು ಹತ್ತಿರವಾಗುತ್ತವೆ, ಹತ್ತಿರವಾದಷ್ಟೂ ವೇಗವಾಗಿ ಸುತ್ತುತ್ತವೆ, ವೇಗವಾಗಿ ಸುತ್ತಿದಷ್ಟೂ ಇನ್ನಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಅಂತರ ಅರ್ಧವಾದರೆ ಉಳಿದ ಆಯುಷ್ಯ ಹದಿನಾರನೇ ಒಂದು ಭಾಗಕ್ಕೆ ಕುಗ್ಗುತ್ತದೆ.

ಇದು ಊಹೆಯಾಗಿ ಉಳಿದಿಲ್ಲ. 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ ಅವರು ಪರಸ್ಪರ ಸುತ್ತುತ್ತಿರುವ ಎರಡು ನ್ಯೂಟ್ರಾನ್ ನಕ್ಷತ್ರಗಳನ್ನು, ಅಂದರೆ ಭಾರಿ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ಅತಿ ದಟ್ಟವಾದ ತಿರುಳುಗಳನ್ನು, ಕಂಡುಹಿಡಿದರು. ಸುಮಾರು 7 ಗಂಟೆ 45 ನಿಮಿಷಗಳ ಅವುಗಳ ಸುತ್ತು ವರ್ಷಕ್ಕೆ ಸೆಕೆಂಡಿನ ದಶಲಕ್ಷದ 76 ಭಾಗದಷ್ಟು ಕಡಿಮೆಯಾಗುತ್ತಿದೆ. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಹೇಳುವುದೂ ಅಷ್ಟನ್ನೇ. ಈ ಶೋಧಕ್ಕೆ 1993ರ ನೊಬೆಲ್ ಬಹುಮಾನ ಸಂದಿತು.

ಕೊನೆಯ ಕ್ಷಣಗಳಲ್ಲಿ ಏನು ನಡೆಯುತ್ತದೆ?

ಮೊದಲು ದಾಖಲಾದ ಘಟನೆಯನ್ನೇ ತೆಗೆದುಕೊಳ್ಳೋಣ. 2015ರ ಸೆಪ್ಟೆಂಬರ್ 14, ಸೋಮವಾರ, ನಮ್ಮಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಅಮೆರಿಕದಲ್ಲಿ ಇನ್ನೂ ಬೆಳಗಾಗಿರಲಿಲ್ಲ. ನವೀಕರಣಗೊಂಡಿದ್ದ ಲೈಗೊ ಉಪಕರಣಗಳ ಅಧಿಕೃತ ವೀಕ್ಷಣೆ ಆರಂಭವಾಗಲು ಇನ್ನೂ ಕೆಲವು ದಿನಗಳಿದ್ದವು. ಆಗ ಲೂಯಿಸಿಯಾನದ ಲಿವಿಂಗ್‌ಸ್ಟನ್‌ನಲ್ಲಿ ಒಂದು ಅಲೆ ದಾಟಿಹೋಯಿತು. ಸುಮಾರು 7 ಮಿಲಿಸೆಕೆಂಡುಗಳ ಬಳಿಕ, 3,000 ಕಿಲೋಮೀಟರು ಆಚೆಯ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಅದೇ ಅಲೆ ಕಾಣಿಸಿತು. ಉಪಕರಣಗಳನ್ನು ಪರೀಕ್ಷಿಸಲು ಕೃತಕ ಸಂಕೇತಗಳನ್ನು ಗುಟ್ಟಾಗಿ ಸೇರಿಸುವ ರೂಢಿ ಇದ್ದುದರಿಂದ, ಇದೂ ಅಂತಹುದೇ ಇರಬೇಕೆಂದು ಮೊದಲು ನೋಡಿದವರು ಸಂಶಯಪಟ್ಟರು. ಅದು ಕೃತಕವಾಗಿರಲಿಲ್ಲ.

ಅಲೆಯ ಆಕಾರವನ್ನು ಓದಿದಾಗ ಹೊರಟ ಕಥೆ ಹೀಗಿದೆ. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಅಂದರೆ ಭೂಮಿಯ ಮೇಲೆ ಇನ್ನೂ ಪ್ರಾಣಿಗಳೇ ಇರದಿದ್ದ ಕಾಲದಲ್ಲಿ, ಒಂದು 36 ಸೂರ್ಯರಷ್ಟೂ ಇನ್ನೊಂದು 29 ಸೂರ್ಯರಷ್ಟೂ ತೂಗುತ್ತಿದ್ದ ಎರಡು ಕಪ್ಪುಕುಳಿಗಳು ಪರಸ್ಪರ ಸುತ್ತುತ್ತಿದ್ದವು. ಎಷ್ಟೋ ಕೋಟಿ ವರ್ಷಗಳ ಆ ಸುತ್ತಾಟದಲ್ಲಿ ನಮ್ಮ ಉಪಕರಣಗಳಿಗೆ ಕೇಳಿಸಿದ್ದು ಕೊನೆಯ 0.2 ಸೆಕೆಂಡು ಮಾತ್ರ. ಆ ಅವಧಿಯ ಆರಂಭದಲ್ಲಿ ಅವು ಸೆಕೆಂಡಿಗೆ 17 ಅಥವಾ 18 ಬಾರಿ ಸುತ್ತುತ್ತಿದ್ದವು. ಕೊನೆಯಲ್ಲಿ ಸುಮಾರು 75 ಬಾರಿ, ಅದೂ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚಿನ ವೇಗದಲ್ಲಿ. ಪ್ರತಿಯೊಂದೂ ಸುಮಾರು 30 ಸೂರ್ಯರಷ್ಟು ತೂಗುವ, ಒಂದು ಜಿಲ್ಲೆಯನ್ನೇ ಮುಚ್ಚಿಬಿಡುವಷ್ಟು ಅಗಲವಾದ ಕಾಯಗಳು ಒಂದು ಸೆಕೆಂಡಿನಲ್ಲಿ 75 ಸುತ್ತು ಸುತ್ತುವುದನ್ನು ಕಲ್ಪಿಸಿಕೊಳ್ಳಲು ಕುಳಿತಾಗ ನನಗೆ ಇಂದಿಗೂ ಮಾತು ನಿಲ್ಲುತ್ತದೆ.

ಹೀಗೆ ಹತ್ತಿರವಾದ ಮೇಲೆ ಒಂದು ಹಂತದಲ್ಲಿ ಸ್ಥಿರವಾದ ಕಕ್ಷೆಯೆಂಬುದೇ ಉಳಿಯುವುದಿಲ್ಲ. ಅವು ಒಂದರೊಳಗೊಂದು ಧುಮುಕುತ್ತವೆ. ಆ ಧುಮುಕಿನ ಗಣಿತವನ್ನು ಕಾಗದದ ಮೇಲೆ ಬಿಡಿಸಲಾಗದು. ಹಲವು ದಶಕಗಳ ಕಾಲ ಕಂಪ್ಯೂಟರುಗಳೂ ಅದರಲ್ಲಿ ಸೋತಿದ್ದವು, ಲೆಕ್ಕ ಅರ್ಧದಲ್ಲೇ ಕುಸಿದುಬೀಳುತ್ತಿತ್ತು. 2005ರಲ್ಲಿ ಫ್ರಾನ್ಸ್ ಪ್ರಿಟೋರಿಯಸ್ ಅವರು ಕಕ್ಷೆಯಿಂದ ವಿಲೀನದವರೆಗೆ ಇಡೀ ಪ್ರಕ್ರಿಯೆಯನ್ನು ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅದಿಲ್ಲದೆ ಹೋಗಿದ್ದರೆ ಹತ್ತು ವರ್ಷಗಳ ಬಳಿಕ ಬಂದ ಅಲೆಯನ್ನು ಇಷ್ಟು ವಿವರವಾಗಿ ಓದಲು ಆಗುತ್ತಿರಲಿಲ್ಲ.

36ಕ್ಕೆ 29 ಕೂಡಿದರೆ 65. ಉಳಿದದ್ದು 62 ಎನ್ನುತ್ತಾರೆ. ಮೂರು ಸೂರ್ಯರು ಎಲ್ಲಿ ಹೋದರು?

ಮೂರು ಸೂರ್ಯರಷ್ಟು ದ್ರವ್ಯರಾಶಿಗೆ ಸಮನಾದ ಶಕ್ತಿಯು ಗುರುತ್ವದ ಅಲೆಗಳಾಗಿ ಹೊರಟುಹೋಯಿತು. ನಮ್ಮ ಸೂರ್ಯ ಪ್ರತಿ ಸೆಕೆಂಡಿಗೆ 40 ಲಕ್ಷ ಟನ್ನಿಗಿಂತ ಹೆಚ್ಚು ದ್ರವ್ಯವನ್ನು ಬೆಳಕಾಗಿ ಮಾರ್ಪಡಿಸುತ್ತಿದ್ದರೂ, ಸುಮಾರು 1,000 ಕೋಟಿ ವರ್ಷಗಳ ತನ್ನ ಇಡೀ ಬಾಳಿನಲ್ಲಿ ಅವನು ಹೀಗೆ ಕಳೆದುಕೊಳ್ಳುವುದು ತನ್ನ ಮೈಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಇಲ್ಲಿ ಮೂರು ಇಡೀ ಸೂರ್ಯರು, ಒಂದು ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ. ಉತ್ತುಂಗದ ಕ್ಷಣದಲ್ಲಿ ಆ ಜೋಡಿ ಹೊರಸೂಸುತ್ತಿದ್ದ ಶಕ್ತಿಯ ದರವು ನಮಗೆ ಕಾಣುವ ವಿಶ್ವದ ಎಲ್ಲ ನಕ್ಷತ್ರಗಳ ಬೆಳಕನ್ನು ಕೂಡಿಸಿದರೆ ಬರುವುದರ ಸುಮಾರು 50 ಪಟ್ಟು ಇತ್ತು.

ಮತ್ತು ಇದರಲ್ಲಿ ಒಂದು ಕಿರಣ ಬೆಳಕೂ ಇರಲಿಲ್ಲ.

ಕಪ್ಪುಕುಳಿಯಿಂದ ಬೆಳಕೇ ಹೊರಬರಲಾರದು ಎಂದ ಮೇಲೆ ಅಲೆಗಳು ಹೇಗೆ ಹೊರಬಂದವು?

ಅವು ಕಪ್ಪುಕುಳಿಯ ಒಳಗಿನಿಂದ ಬಂದವುಗಳಲ್ಲ. ಅಲೆಗಳು ಏಳುವುದು ದಿಗಂತಗಳ ಹೊರಗಿನ ದೇಶಕಾಲದಲ್ಲಿ. ಹೊರಟುಹೋದ ಶಕ್ತಿಯೂ ಆ ಜೋಡಿಯ ಚಲನೆ ಮತ್ತು ಗುರುತ್ವದ ಬಂಧದಿಂದ ಬಂದದ್ದೇ ಹೊರತು, ದಿಗಂತವನ್ನು ದಾಟಿ ಈಚೆ ಬಂದದ್ದಲ್ಲ.

ಒಂದಾದ ಮೇಲೆ ಹೊಸ ಕಪ್ಪುಕುಳಿ ನಡುಗುತ್ತದೆ ಎನ್ನುತ್ತಾರೆ. ಹಾಗೆಂದರೇನು?

ಕೂಡಿಕೊಂಡ ಕ್ಷಣದಲ್ಲಿ ಹೊಸ ದಿಗಂತ ದುಂಡಗಿರುವುದಿಲ್ಲ; ಎರಡು ಉಬ್ಬುಗಳ ಸೊಟ್ಟ ಆಕಾರದಲ್ಲಿರುತ್ತದೆ. ಕಪ್ಪುಕುಳಿಗೆ ಆ ಸೊಟ್ಟತನವನ್ನು ಉಳಿಸಿಕೊಳ್ಳುವ ಅವಕಾಶವಿಲ್ಲ. ಅದು ಬಡಿದ ಜಾಗಟೆಯಂತೆ ಒಂದು ನಿರ್ದಿಷ್ಟ ಸ್ವರದಲ್ಲಿ ಕಂಪಿಸಿ, ಆ ಕಂಪನವನ್ನು ಅಲೆಗಳಾಗಿ ಹೊರಗೆ ಕಳುಹಿಸಿ, ಬೇಗನೆ ಶಾಂತವಾಗುತ್ತದೆ. ಜಾಗಟೆಯ ನಾದ ಹಲವು ಸೆಕೆಂಡು ಉಳಿದೀತು. 2015ರ ಕಪ್ಪುಕುಳಿಯ ನಾದ ಸುಮಾರು 250 ಹರ್ಟ್ಸ್ ಆವರ್ತನದಲ್ಲಿ ಹುಟ್ಟಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿತು.

ಈ ನಾದವನ್ನು ಜಗತ್ತಿನಲ್ಲಿ ಮೊದಲು ಲೆಕ್ಕದಲ್ಲಿ ಕಂಡವರು ಸಿ. ವಿ. ವಿಶ್ವೇಶ್ವರ. ಕನ್ನಡದ ಲೇಖಕರಾಗಿದ್ದ ಸಿ. ಕೆ. ವೆಂಕಟರಾಮಯ್ಯನವರ ಮಗನಾಗಿ 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿ ಸಂಶೋಧನೆ ನಡೆಸಿದರು. ಆಗಿನ್ನೂ ಕಪ್ಪುಕುಳಿ ಎಂಬ ಹೆಸರೇ ಹೊಸದು. ಅಂತಹ ಕಾಯ ಪ್ರಕೃತಿಯಲ್ಲಿ ನಿಜಕ್ಕೂ ಇರಬಲ್ಲದೆ ಎಂಬ ಬಗ್ಗೆ ದೊಡ್ಡ ದೊಡ್ಡವರಿಗೇ ಅನುಮಾನವಿತ್ತು. ಸಣ್ಣ ಕದಲಿಕೆಗೆ ಒಳಗಾದ ಕಪ್ಪುಕುಳಿ ಚೂರಾಗಿ ಹೋಗುವುದಿಲ್ಲ, ಮತ್ತೆ ತನ್ನ ಸ್ಥಿತಿಗೆ ಮರಳುತ್ತದೆ ಎಂದು ವಿಶ್ವೇಶ್ವರ ಮೊದಲು ತೋರಿಸಿದರು. ಬಳಿಕ ಅವರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ಒಂಟಿಯಾಗಿ ನಿಂತ ಕಪ್ಪುಕುಳಿಯನ್ನು ಗುರುತಿಸುವುದು ಹೇಗೆ? ಅದರ ಮೇಲೆ ಗುರುತ್ವದ ಅಲೆಗಳನ್ನು ಎಸೆದು, ಏನು ಹಿಂದಿರುಗುತ್ತದೆ ಎಂಬುದನ್ನು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತ ಹೋದರು. ಅಗಲವಾದ ಅಲೆಗಳು ಸಣ್ಣ ಕಲ್ಲಿನ ಮೇಲೆ ಹರಿದ ದೊಡ್ಡ ತೆರೆಯಂತೆ ಏನೂ ಆಗದವರ ಹಾಗೆ ದಾಟಿಹೋದವು. ಅಲೆಯ ಅಗಲವನ್ನು ಕಪ್ಪುಕುಳಿಯ ಗಾತ್ರದವರೆಗೆ ಕಿರಿದು ಮಾಡಿದಾಗ ಮಾತ್ರ, ಹಿಂದಿರುಗಿದ ಅಲೆಯಲ್ಲಿ ಏರಿಳಿತದ ಒಂದು ಖಚಿತ ವಿನ್ಯಾಸ ಮೂಡಿತು, ಮತ್ತು ಎಸೆದ ಅಲೆ ಯಾವುದೇ ಆಗಿರಲಿ, ಆ ವಿನ್ಯಾಸ ಅದೇ ಆಗಿರುತ್ತಿತ್ತು. ಕಪ್ಪುಕುಳಿ ತನ್ನದೇ ಸ್ವರದಲ್ಲಿ ಉತ್ತರಿಸುತ್ತಿತ್ತು. ಈ ಫಲಿತಾಂಶ 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಇದನ್ನು ಕ್ವಾಸಿನಾರ್ಮಲ್ ಕಂಪನ ಎಂದು ಕರೆಯುತ್ತಾರೆ.

ಮುಂದೆ ಬೆಂಗಳೂರಿಗೆ ಮರಳಿದ ಅವರು ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಭಾರತೀಯ ಖಭೌತ ಸಂಸ್ಥೆಯಲ್ಲೂ ಕೆಲಸ ಮಾಡಿದರು, ಜವಾಹರಲಾಲ್ ನೆಹರೂ ತಾರಾಲಯದ ಸಂಸ್ಥಾಪಕ ನಿರ್ದೇಶಕರಾದರು. ಆ ತಾರಾಲಯದ ಗುಮ್ಮಟದ ಕೆಳಗೆ ಕುಳಿತು ಮೊದಲ ಬಾರಿ ಆಕಾಶ ಕಂಡ ನನ್ನಂಥ ಸಾವಿರಾರು ಮಂದಿಗೆ, ಅದನ್ನು ಕಟ್ಟಿದವರೇ ಕಪ್ಪುಕುಳಿಯ ಸ್ವರವನ್ನೂ ಕಂಡುಕೊಂಡವರು ಎಂಬುದು ಗೊತ್ತಿರಲಿಲ್ಲ. ಅವರ ಲೆಕ್ಕ ಪ್ರಕಟವಾದ ನಲವತ್ತೈದು ವರ್ಷಗಳ ಮೇಲೆ ನಿಜವಾದ ಕಪ್ಪುಕುಳಿಯೊಂದು ಹಾಗೆಯೇ ಕಂಪಿಸಿದ್ದು ದಾಖಲಾಯಿತು. 2017ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲು ವಿಶ್ವೇಶ್ವರ ಅವರು ಆ ಸುದ್ದಿಯನ್ನು ಕೇಳಿದ್ದರು. ವಿಜ್ಞಾನದಲ್ಲಿ ಇಂತಹ ಅದೃಷ್ಟ ಎಲ್ಲರಿಗೂ ಒದಗುವುದಿಲ್ಲ.

ಆ ನಡುಕದಿಂದ ತಿಳಿಯುವುದೇನು?

ಹೊರಗಿನಿಂದ ನೋಡಿದರೆ ಒಂದು ಕಪ್ಪುಕುಳಿಯ ಗುರುತು ಅದರ ದ್ರವ್ಯರಾಶಿ, ತಿರುಗುವಿಕೆ ಮತ್ತು ವಿದ್ಯುದಾವೇಶ ಮಾತ್ರ ಎಂದು ಸಿದ್ಧಾಂತ ಹೇಳುತ್ತದೆ. ಆವೇಶವು ನಿಸರ್ಗದಲ್ಲಿ ನಗಣ್ಯವೆಂದು ಭಾವಿಸಲಾಗಿದೆ. ಹೀಗಿದ್ದರೆ ನಡುಕದ ಸ್ವರಗಳೆಲ್ಲವೂ ಉಳಿದ ಎರಡರಿಂದಲೇ ನಿರ್ಧಾರವಾಗಬೇಕು. ಒಂದು ಸ್ವರದಿಂದ ದ್ರವ್ಯರಾಶಿ ಮತ್ತು ತಿರುಗುವಿಕೆಯನ್ನು ಅಳೆದು, ಎರಡನೆಯ ಸ್ವರ ಅದಕ್ಕೆ ಹೊಂದುತ್ತದೆಯೆ ಎಂದು ನೋಡಿದರೆ ಐನ್‌ಸ್ಟೈನರ ಸಿದ್ಧಾಂತವನ್ನೇ ಒರೆಗೆ ಹಚ್ಚಿದಂತಾಗುತ್ತದೆ. 2025ರ ಜನವರಿ 14ರಂದು ಬಂದ ಸಂಕೇತ ಅದುವರೆಗಿನ ಎಲ್ಲಕ್ಕಿಂತ ಸ್ಪಷ್ಟವಾಗಿದ್ದುದರಿಂದ ಈ ಪರೀಕ್ಷೆಯನ್ನು ಚೆನ್ನಾಗಿ ನಡೆಸಲು ಸಾಧ್ಯವಾಯಿತು, ಮತ್ತು ಸಿದ್ಧಾಂತ ಗೆದ್ದಿತು.

ಅದೇ ಸಂಕೇತದಿಂದ ಇನ್ನೊಂದು ಹಳೆಯ ಮಾತೂ ದೃಢವಾಯಿತು. ಕಪ್ಪುಕುಳಿಗಳ ದಿಗಂತಗಳ ಒಟ್ಟು ವಿಸ್ತೀರ್ಣ ಎಂದಿಗೂ ಕಡಿಮೆಯಾಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಪ್ರತಿಪಾದಿಸಿದ್ದರು. ದ್ರವ್ಯರಾಶಿ ಕಡಿಮೆಯಾದರೂ ವಿಸ್ತೀರ್ಣ ಹೇಗೆ ಹೆಚ್ಚೀತು ಎಂದು ಕೇಳುವವರುಂಟು. ವಿಸ್ತೀರ್ಣವು ದ್ರವ್ಯರಾಶಿಯ ವರ್ಗದಂತೆ ಬೆಳೆಯುವುದೇ ಇದಕ್ಕೆ ಕಾರಣ. 36ರ ವರ್ಗ 1,296, 29ರ ವರ್ಗ 841, ಕೂಡಿದರೆ 2,137. 62ರ ವರ್ಗವಾದರೋ 3,844. ತಿರುಗುವಿಕೆಯಿಂದಾಗಿ ಈ ಸಂಖ್ಯೆ ಸ್ವಲ್ಪ ತಗ್ಗುತ್ತದೆ, ಆದರೂ ಮೊದಲಿನದಕ್ಕಿಂತ ಹೆಚ್ಚಾಗಿಯೇ ಉಳಿಯುತ್ತದೆ. 2025ರ ಘಟನೆಯಲ್ಲಿ ಎರಡು ದಿಗಂತಗಳ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರು ಇದ್ದದ್ದು, ವಿಲೀನದ ಬಳಿಕ ಸುಮಾರು 4,00,000 ಚದರ ಕಿಲೋಮೀಟರಿಗೆ ಏರಿತ್ತು. ಕರ್ನಾಟಕದ ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರು ಎಂಬುದನ್ನು ನೆನೆದರೆ ಈ ಅಂಕಿಗಳು ಕಣ್ಣಿಗೆ ಕಟ್ಟುತ್ತವೆ.

ಇಷ್ಟು ದೂರದ ಘಟನೆಯನ್ನು ಅಳೆಯುವುದು ಹೇಗೆ?

ಲೈಗೊ ಉಪಕರಣದಲ್ಲಿ ಪರಸ್ಪರ ಲಂಬವಾಗಿರುವ 4 ಕಿಲೋಮೀಟರು ಉದ್ದದ ಎರಡು ನಿರ್ವಾತ ಕೊಳವೆಗಳಿವೆ. ಒಂದೇ ಲೇಸರ್ ಕಿರಣವನ್ನು ಸೀಳಿ ಎರಡಕ್ಕೂ ಕಳುಹಿಸಲಾಗುತ್ತದೆ. ತುದಿಯಲ್ಲಿ ತೂಗುಬಿಟ್ಟ, ತಲಾ 40 ಕಿಲೋಗ್ರಾಂ ತೂಗುವ ಕನ್ನಡಿಗಳ ನಡುವೆ ಬೆಳಕು ನೂರಾರು ಬಾರಿ ಓಡಾಡಿ ಮರಳಿ ಕೂಡುತ್ತದೆ. ಗುರುತ್ವದ ಅಲೆ ಹಾದಾಗ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುವುದರಿಂದ, ಕೂಡುವ ಬೆಳಕಿನಲ್ಲಿ ವ್ಯತ್ಯಾಸ ಕಾಣುತ್ತದೆ. 2015ರಲ್ಲಿ ಆ ವ್ಯತ್ಯಾಸ ಒಂದು ಪ್ರೋಟಾನಿನ ವ್ಯಾಸದ ನೂರಾರು ಪಾಲುಗಳಲ್ಲಿ ಒಂದು ಪಾಲಿನಷ್ಟಿತ್ತು. ಇದನ್ನು ಸಾಧಿಸಿದ್ದಕ್ಕಾಗಿ ರೈನರ್ ವೈಸ್, ಬ್ಯಾರಿ ಬ್ಯಾರಿಷ್ ಮತ್ತು ಕಿಪ್ ಥಾರ್ನ್ ಅವರಿಗೆ 2017ರ ನೊಬೆಲ್ ಬಹುಮಾನ ದೊರೆಯಿತು.

ಉಪಕರಣವೊಂದೇ ಸಾಲದು. ಭೂಮಿಯ ನಡುಕ, ವಾಹನಗಳ ಓಡಾಟ, ಕನ್ನಡಿಯ ಅಣುಗಳ ಉಷ್ಣ ಚಲನೆ ಇವೆಲ್ಲದರ ಗದ್ದಲದೊಳಗಿಂದ ಸಂಕೇತವನ್ನು ಹೆಕ್ಕಬೇಕಾದರೆ, ಅದು ಹೇಗಿರುತ್ತದೆಂಬುದು ಮೊದಲೇ ಗೊತ್ತಿರಬೇಕು. ಈ ಕೆಲಸದಲ್ಲಿ ಭಾರತೀಯರ ಪಾಲು ದೊಡ್ಡದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಅವರು ಫ್ರಾನ್ಸಿನ ಸಹೋದ್ಯೋಗಿಗಳೊಂದಿಗೆ ಸುತ್ತುವ ಜೋಡಿಯ ಅಲೆಯ ಆಕಾರವನ್ನು ನಿಖರವಾಗಿ ಲೆಕ್ಕ ಹಾಕಿದರು. ಪುಣೆಯ ಖಗೋಳವಿಜ್ಞಾನ ಕೇಂದ್ರವಾದ ಐಯುಕಾದಲ್ಲಿ ಸಂಜೀವ್ ಧುರಂಧರ್ ಮತ್ತು ಬಿ. ಎಸ್. ಸತ್ಯಪ್ರಕಾಶ್ ಅವರು ಅಂತಹ ಆಕಾರವನ್ನು ಗದ್ದಲದಲ್ಲಿ ಹುಡುಕುವ ವಿಧಾನಕ್ಕೆ ಅಡಿಪಾಯ ಹಾಕಿದರು.

ಕಪ್ಪುಕುಳಿಗಳು ಕೂಡುವ ಶಬ್ದ ಎಂದು ಕೇಳಿಸುತ್ತಾರಲ್ಲ, ಅದು ನಿಜವಾದ ಶಬ್ದವೆ?

ಅಲ್ಲ. ಅದು ಗಾಳಿಯ ಅಲೆಯಲ್ಲ, ದೇಶಕಾಲದ ಅಲೆ. ಅದರ ಆವರ್ತನ ನಮ್ಮ ಕಿವಿಯ ವ್ಯಾಪ್ತಿಯಲ್ಲೇ ಇರುವುದರಿಂದ, ಉಪಕರಣದ ದತ್ತಾಂಶವನ್ನು ಸ್ಪೀಕರಿಗೆ ಕೊಟ್ಟು ಕೇಳಿಸಲಾಗುತ್ತದೆ. ಕೆಳಗಿನ ಸ್ವರದಿಂದ ಮೇಲಕ್ಕೆ ಸರ್ರನೆ ಏರಿ ಥಟ್ಟನೆ ನಿಲ್ಲುವ ಆ ದನಿ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ.

ದೂರದರ್ಶಕದಲ್ಲಿ ಏನಾದರೂ ಕಾಣುತ್ತದೆಯೆ?

ಸಾಮಾನ್ಯವಾಗಿ ಇಲ್ಲ. ಬೆಳಗಲು ಅಲ್ಲಿ ವಸ್ತುವೇ ಇಲ್ಲ. ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದರೆ ಮಾತ್ರ ಕಥೆ ಬೇರೆ: 2017ರ ಆಗಸ್ಟ್ 17ರಂದು ಗುರುತ್ವದ ಅಲೆ ಮುಗಿದ 1.7 ಸೆಕೆಂಡುಗಳಿಗೆ ಗಾಮಾ ಕಿರಣಗಳ ಮಿಂಚು ಕಂಡಿತು, ಮತ್ತು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಅದರ ಬೆಳಕನ್ನು ಹಲವಾರು ದೂರದರ್ಶಕಗಳು ದಿನಗಟ್ಟಲೆ ನೋಡಿದವು. ಬಂಗಾರದಂತಹ ಭಾರವಾದ ಧಾತುಗಳು ಇಂತಹ ಕಡೆ ತಯಾರಾಗುತ್ತವೆ ಎಂಬುದಕ್ಕೆ ಅಂದು ಬಲವಾದ ಪುರಾವೆ ಸಿಕ್ಕಿತು. ಕಪ್ಪುಕುಳಿಗಳ ಜೋಡಿಯು ದಟ್ಟವಾದ ಅನಿಲದ ನಡುವೆ ಇದ್ದರೆ ಆ ಅನಿಲ ಬೆಳಗಬಹುದೆಂದು ಕೆಲವರು ವಾದಿಸಿದ್ದಾರೆ, ಆದರೆ ಯಾವ ಉದಾಹರಣೆಯೂ ಇನ್ನೂ ಎಲ್ಲರೂ ಒಪ್ಪುವ ಮಟ್ಟಕ್ಕೆ ಬಂದಿಲ್ಲ.

ಹೊಸ ಕಪ್ಪುಕುಳಿ ಹುಟ್ಟಿದಲ್ಲೇ ಉಳಿಯುತ್ತದೆಯೆ?

ಯಾವಾಗಲೂ ಇಲ್ಲ. ಎರಡರ ತೂಕ ಅಥವಾ ತಿರುಗುವಿಕೆ ಒಂದೇ ರೀತಿ ಇಲ್ಲದಿದ್ದರೆ ಅಲೆಗಳು ಎಲ್ಲ ದಿಕ್ಕಿಗೂ ಸಮನಾಗಿ ಹೊರಡುವುದಿಲ್ಲ. ಗುಂಡು ಹಾರಿಸಿದಾಗ ಬಂದೂಕು ಹಿಂದಕ್ಕೆ ಒದೆಯುವಂತೆ, ಹೆಚ್ಚು ಅಲೆಗಳು ಹೊರಟ ದಿಕ್ಕಿಗೆ ವಿರುದ್ಧವಾಗಿ ಹೊಸ ಕಪ್ಪುಕುಳಿ ಚಿಮ್ಮುತ್ತದೆ. ಈ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರು ಕೂಡ ಆಗಬಹುದೆಂದು ಲೆಕ್ಕಾಚಾರಗಳು ತೋರಿಸಿವೆ. ಗೋಳಗುಚ್ಛದಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ ಕೆಲವು ಹತ್ತು ಕಿಲೋಮೀಟರುಗಳ ವೇಗ ಸಾಕಾಗುವುದರಿಂದ, ಹೀಗೆ ಹುಟ್ಟಿದ ಎಷ್ಟೋ ಕಪ್ಪುಕುಳಿಗಳು ತಮ್ಮ ಗುಚ್ಛವನ್ನು ತೊರೆದು ಒಂಟಿಯಾಗಿ ಅಲೆಯುತ್ತಿರಬೇಕು.

ಇದುವರೆಗೆ ಕಂಡ ಅತಿ ಭಾರದ ವಿಲೀನ ಯಾವುದು?

2019ರ ಮೇ 21ರಂದು 85 ಮತ್ತು 66 ಸೂರ್ಯರಷ್ಟಿದ್ದ ಎರಡು ಕಪ್ಪುಕುಳಿಗಳು ಸೇರಿ 142 ಸೂರ್ಯರಷ್ಟಾದುದು ಮೊದಲು ಎಲ್ಲರನ್ನೂ ಅಚ್ಚರಿಗೊಳಿಸಿತು. ಬಳಿಕ 2023ರ ನವೆಂಬರ್ 23ರ ಸಂಕೇತವು ಅದನ್ನೂ ಮೀರಿಸಿತು. ಸುಮಾರು 100 ಮತ್ತು 140 ಸೂರ್ಯರಷ್ಟಿದ್ದ, ಬಹು ವೇಗವಾಗಿ ತಿರುಗುತ್ತಿದ್ದ ಜೋಡಿಯಿಂದ ಸುಮಾರು 225 ಸೂರ್ಯರಷ್ಟು ಭಾರದ ಕಪ್ಪುಕುಳಿ ಹುಟ್ಟಿತು.

ಇಲ್ಲಿ ಅಚ್ಚರಿಗೆ ಕಾರಣವಿದೆ. ಒಂದು ಮಿತಿಯನ್ನು ಮೀರಿದ ನಕ್ಷತ್ರಗಳ ಗರ್ಭದಲ್ಲಿ ಬೆಳಕಿನ ಕಣಗಳೇ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನುಗಳಾಗಿ ಮಾರ್ಪಟ್ಟು ಒಳಗಿನ ಒತ್ತಡ ಕುಸಿಯುತ್ತದೆ. ಆಗ ಆಗುವ ಸ್ಫೋಟದಲ್ಲಿ ನಕ್ಷತ್ರ ಸಂಪೂರ್ಣ ಚದುರಿ ಏನೂ ಉಳಿಯುವುದಿಲ್ಲ. ಹೀಗಾಗಿ ಸುಮಾರು 65ರಿಂದ 120 ಸೂರ್ಯರಷ್ಟು ತೂಕದ ನಡುವೆ ನಕ್ಷತ್ರದ ಕುಸಿತದಿಂದ ನೇರವಾಗಿ ಕಪ್ಪುಕುಳಿ ಹುಟ್ಟಬಾರದು. ಆದರೂ ಅವು ಅಲ್ಲಿವೆ. ಬಹುಶಃ ಅವೇ ಹಿಂದಿನ ವಿಲೀನಗಳ ಮಕ್ಕಳು, ಅಂದರೆ ಎರಡನೆಯ ತಲೆಮಾರಿನ ಕಪ್ಪುಕುಳಿಗಳು. ಅವುಗಳ ರಭಸದ ತಿರುಗುವಿಕೆಯೂ ಆ ಕಡೆಗೇ ಬೆರಳು ತೋರಿಸುತ್ತದೆ.

ಗೆಲಾಕ್ಸಿಗಳ ಕೇಂದ್ರದಲ್ಲಿರುವ ದೈತ್ಯ ಕಪ್ಪುಕುಳಿಗಳೂ ಕೂಡುತ್ತವೆಯೆ?

ನಮ್ಮ ಕ್ಷೀರಪಥದ ಕೇಂದ್ರದಲ್ಲಿ ಸುಮಾರು 40 ಲಕ್ಷ ಸೂರ್ಯರಷ್ಟು ಭಾರದ ಕಪ್ಪುಕುಳಿಯಿದೆ. ಗೆಲಾಕ್ಸಿಗಳು ಕೂಡಿದಾಗ ಅವುಗಳ ಕೇಂದ್ರದ ಕಪ್ಪುಕುಳಿಗಳೂ ನಕ್ಷತ್ರಗಳನ್ನು ಅತ್ತಿತ್ತ ತಳ್ಳುತ್ತ ನಡುವಿಗೆ ಇಳಿದು ಜೋಡಿಯಾಗುತ್ತವೆ. ತಳ್ಳಲು ಹತ್ತಿರದಲ್ಲಿ ನಕ್ಷತ್ರಗಳೇ ಉಳಿಯದೆ ಹೋದಾಗ, ಕೆಲವು ಜ್ಯೋತಿರ್ವರ್ಷಗಳ ಅಂತರದಲ್ಲಿ ಅವು ನಿಂತುಬಿಡುವ ಸಂಭವವಿದೆ. ಇದನ್ನು ಅಂತಿಮ ಪಾರ್ಸೆಕ್ ಸಮಸ್ಯೆ ಎನ್ನುತ್ತಾರೆ (ಪಾರ್ಸೆಕ್ ಎಂದರೆ ಸುಮಾರು 3.3 ಜ್ಯೋತಿರ್ವರ್ಷಗಳ ದೂರ).

ಅವು ಅಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ 2023ರ ಜೂನ್ ತಿಂಗಳ ಕೊನೆಯಲ್ಲಿ ಸುಳಿವು ಸಿಕ್ಕಿತು. ದೈತ್ಯ ಜೋಡಿಗಳ ಅಲೆಯ ಒಂದು ಏರಿಳಿತಕ್ಕೆ ವರ್ಷಗಳೇ ಬೇಕಾಗುವುದರಿಂದ 4 ಕಿಲೋಮೀಟರಿನ ಉಪಕರಣ ಅದಕ್ಕೆ ಸಾಲದು. ಬದಲಿಗೆ ಗಡಿಯಾರದಷ್ಟು ಕರಾರುವಾಕ್ಕಾಗಿ ರೇಡಿಯೊ ಮಿಡಿತ ಕಳುಹಿಸುವ ಪಲ್ಸಾರುಗಳನ್ನು ವರ್ಷಾನುವರ್ಷ ಗಮನಿಸಿ, ಮಿಡಿತಗಳು ಬರುವ ಸಮಯದಲ್ಲಿ ಆಗುವ ಅತಿ ಸೂಕ್ಷ್ಮ ಹೆಚ್ಚುಕಡಿಮೆಯನ್ನು ಅಳೆಯುತ್ತಾರೆ. ಪುಣೆಯ ಸಮೀಪದ ದೈತ್ಯ ಮೀಟರ್‌ವೇವ್ ರೇಡಿಯೊ ದೂರದರ್ಶಕವನ್ನು ಬಳಸುವ ಭಾರತದ ತಂಡವೂ ಸೇರಿದಂತೆ ಹಲವು ದೇಶಗಳ ತಂಡಗಳು, ಆಕಾಶದ ಎಲ್ಲ ದಿಕ್ಕುಗಳಿಂದ ಬರುವ ಇಂತಹ ಅಲೆಗಳ ಒಟ್ಟು ಮೊರೆತಕ್ಕೆ ಪುರಾವೆಯಿದೆ ಎಂದು ಒಂದೇ ಸಮಯದಲ್ಲಿ ಪ್ರಕಟಿಸಿದವು. ದೈತ್ಯ ಕಪ್ಪುಕುಳಿಗಳ ಅಸಂಖ್ಯ ಜೋಡಿಗಳೇ ಅದಕ್ಕೆ ಅತ್ಯಂತ ಸಹಜವಾದ ವಿವರಣೆ.

ಇಂತಹ ಘಟನೆ ಹತ್ತಿರದಲ್ಲಿ ನಡೆದರೆ ನಮಗೆ ಅಪಾಯವಿದೆಯೆ?

ಅಲೆಗಳಿಂದ ಇಲ್ಲ. 2015ರ ವಿಲೀನವೇ ಸೂರ್ಯನಷ್ಟು ದೂರದಲ್ಲಿ ನಡೆದಿತ್ತು ಎಂದು ಭಾವಿಸಿ ಲೆಕ್ಕ ಹಾಕಿದರೂ, ಆ ಅಲೆ ಹಾದಾಗ ಒಬ್ಬ ಮನುಷ್ಯನ ಎತ್ತರದಲ್ಲಿ ಆಗುವ ವ್ಯತ್ಯಾಸ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತ ಕಡಿಮೆ. ದೇಶಕಾಲ ಅಷ್ಟು ಗಡುಸಾದದ್ದು. ಅಲೆ ಬರುವುದಕ್ಕೂ ಮುಂಚೆ, 65 ಸೂರ್ಯರಷ್ಟು ತೂಕದ ಆ ಜೋಡಿಯ ಸಾಮಾನ್ಯ ಗುರುತ್ವವೇ ಗ್ರಹಗಳ ಕಕ್ಷೆಗಳನ್ನು ಕೆಡಿಸಿಬಿಡುತ್ತಿತ್ತು ಎಂಬುದು ಬೇರೆ ಮಾತು. ಅಂತಹ ಜೋಡಿ ನಮ್ಮ ನೆರೆಯಲ್ಲಿ ಇಲ್ಲ.

ಭಾರತದಲ್ಲಿ ಇಂತಹ ವೀಕ್ಷಣಾಲಯ ಬರಲಿದೆಯೆ?

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಲೈಗೊ-ಇಂಡಿಯಾ ಬರಲಿದೆ. ಸುಮಾರು 2,600 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಗೆ ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಅಂತಿಮ ಒಪ್ಪಿಗೆ ನೀಡಿತು. ಅಲೆ ಬಂದ ದಿಕ್ಕನ್ನು ಗೊತ್ತುಮಾಡುವುದು ಬೇರೆ ಬೇರೆ ಸ್ಥಳಗಳನ್ನು ಅದು ಮುಟ್ಟಿದ ಸಮಯಗಳ ಅಂತರದಿಂದ. ಅಮೆರಿಕದ ಎರಡು, ಇಟಲಿಯ ವರ್ಗೊ ಮತ್ತು ಜಪಾನಿನ ಕಾಗ್ರಾಗಳಿಂದ ದೂರದಲ್ಲಿರುವ ಭಾರತದ ಕೇಂದ್ರ ಸೇರಿದರೆ, ಆಕಾಶದಲ್ಲಿ ಹುಡುಕಬೇಕಾದ ಪ್ರದೇಶ ಬಹಳಷ್ಟು ಕಿರಿದಾಗುತ್ತದೆ.

ಮುಂದಿನ ವಿಲೀನ ಯಾವಾಗ ಎಂದು ಮೊದಲೇ ಹೇಳಲು ಸಾಧ್ಯವೆ?

ಈಗ ಇಲ್ಲ, ನೆಲದ ಉಪಕರಣಗಳಿಗೆ ಕಪ್ಪುಕುಳಿಗಳ ಜೋಡಿಯ ಕೊನೆಯ ಕೆಲವು ಕ್ಷಣಗಳು ಮಾತ್ರ ಕೇಳಿಸುತ್ತವೆ. ಆದರೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು 2024ರ ಜನವರಿಯಲ್ಲಿ ಒಪ್ಪಿಗೆ ನೀಡಿದ ಲೀಸಾ ಯೋಜನೆಯಲ್ಲಿ, 25 ಲಕ್ಷ ಕಿಲೋಮೀಟರು ಅಂತರದಲ್ಲಿ ತ್ರಿಕೋನವಾಗಿ ಹಾರುವ ಮೂರು ನೌಕೆಗಳು 2030ರ ದಶಕದ ಮಧ್ಯಭಾಗದಲ್ಲಿ ಮೇಲೇರಲಿವೆ. ಆ ಮೂರು ನೌಕೆಗಳ ನಡುವೆ ಓಡಾಡುವ ಲೇಸರ್ ಕಿರಣಗಳು ನೆಲದ ಉಪಕರಣಗಳಿಗೆ ಎಟುಕದ ನಿಧಾನದ ಅಲೆಗಳನ್ನು ಹಿಡಿಯಬಲ್ಲವು. 2015ರದ್ದಕ್ಕೆ ಸಮನಾದ ಜೋಡಿಯೊಂದು ಸಾಕಷ್ಟು ಹತ್ತಿರದಲ್ಲಿದ್ದರೆ, ಅದು ಇನ್ನೂ ನಿಧಾನವಾಗಿ ಸುತ್ತುತ್ತಿರುವಾಗಲೇ, ವಿಲೀನಕ್ಕೆ ಹಲವು ವರ್ಷ ಮೊದಲೇ ಲೀಸಾಗೆ ಕೇಳಿಸಬಹುದು. ಆಗ ದಿನವನ್ನೂ ದಿಕ್ಕನ್ನೂ ವಾರಗಳ ಮುಂಚೆಯೇ ಗುರುತು ಹಾಕಿಕೊಂಡು, ನೆಲದ ಉಪಕರಣಗಳನ್ನು ಸಜ್ಜಾಗಿಟ್ಟು, ದೂರದರ್ಶಕಗಳನ್ನು ಅತ್ತ ತಿರುಗಿಸಿ ಕಾಯಬಹುದು.